ಮೊದಲ ಪ್ರಾಜೆಕ್ಟ್‌ನಿಂದ ಬಡ್ತಿಯ ಮಾತಿನವರೆಗೆ: ಆಫೀಸಿನ ಒಳಗೇ ಬೆಳೆಯಲು ಒಂದು ಸಮಗ್ರ ಮಾರ್ಗದರ್ಶಿ

ಹೊಸ ಸಾಫ್ಟ್‌ವೇರ್ ಸೋಮವಾರ ಬೆಳಿಗ್ಗೆ ಶುರುವಾಗಬೇಕಿತ್ತು. ಹಿಂದಿನ ಶುಕ್ರವಾರ ಸಂಜೆ ನಮ್ಮ ಮ್ಯಾನೇಜರ್ ಒಂದು ಪ್ರಶ್ನೆ ಕೇಳಿದರು: "ಹಳೇ ಗ್ರಾಹಕರ ಪಟ್ಟಿ ಸರಿಮಾಡಿದ್ದು ಯಾರು?" ಕೋಣೆಯಲ್ಲಿ ಆರು ಜನ ಇದ್ದೆವು. ಯಾರೂ ಬಾಯಿ ಬಿಡಲಿಲ್ಲ. ಐಟಿಯವರು ಮಾಡುತ್ತಾರೆ ಅಂತ ನಾನು ಅಂದುಕೊಂಡಿದ್ದೆ. ನಾನು ಮಾಡುತ್ತೇನೆ ಅಂತ ಐಟಿಯವರು ಅಂದುಕೊಂಡಿದ್ದರು. ಪಟ್ಟಿ ತೆರೆದು ನೋಡಿದರೆ ಒಬ್ಬರೇ ಗ್ರಾಹಕರ ಹೆಸರು ಮೂರು ಬಗೆಯ ಕಾಗುಣಿತದಲ್ಲಿ ಮೂರು ಕಡೆ ಕೂತಿತ್ತು. ಅಂಥವು ನೂರಾರು. ಸೋಮವಾರದ ಕೆಲಸ ಐದು ವಾರ ಮುಂದಕ್ಕೆ ಹೋಯಿತು.

ಆ ಟೀಮಿನಲ್ಲಿ ಸೋಮಾರಿಗಳು ಯಾರೂ ಇರಲಿಲ್ಲ. ಎಲ್ಲರೂ ಹೊತ್ತು ಮೀರಿ ದುಡಿದಿದ್ದೆವು. ಪ್ರತಿ ವಾರದ ಮೀಟಿಂಗಿನಲ್ಲೂ "ಆಗ್ತಾ ಇದೆ" ಅಂತಲೇ ಹೇಳಿದ್ದೆವು. ಯಾವ ಕೆಲಸ ಯಾರದು, ಯಾವಾಗ ಮುಗಿಯಬೇಕು, ಯಾವುದು ನಿಂತರೆ ಇನ್ಯಾವುದು ನಿಲ್ಲುತ್ತದೆ ಎಂದು ಒಂದೇ ಕಡೆ ಬರೆದಿಟ್ಟು ನೋಡಿಕೊಳ್ಳುವವರು ಮಾತ್ರ ಇರಲಿಲ್ಲ. ಮುಂದಿನ ಐದು ವಾರ ಆ ಪಟ್ಟಿ ಹಿಡಿದುಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ನನ್ನ ಕೆಲಸದ ದಾರಿ ತಿರುಗಿದ್ದು ಅಲ್ಲಿಂದಲೇ.

ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಅಂದರೆ ಆ ಹೆಸರಿನ ಹುದ್ದೆ ಇರುವವರ ಕೆಲಸ ಎಂದು ಬಹಳ ಜನ ತಿಳಿದಿದ್ದಾರೆ. ಹುದ್ದೆ ಆಮೇಲೆ ಬರುತ್ತದೆ. ಮೊದಲು ಬರುವುದು ನಂಬಿಕೆ. "ಇವರ ಕೈಗೆ ಕೊಟ್ಟರೆ ಮುಗಿಯುತ್ತದೆ, ಮುಗಿಯದಿದ್ದರೆ ಮೊದಲೇ ಹೇಳುತ್ತಾರೆ" ಎಂದು ಮೇಲಿನವರಿಗೂ ಪಕ್ಕದವರಿಗೂ ಅನ್ನಿಸಬೇಕು. ಆ ನಂಬಿಕೆಯನ್ನು ಕೂತಲ್ಲಿಂದಲೇ ಸಂಪಾದಿಸುವುದು ಹೇಗೆ ಎಂಬುದೇ ಈ ಬರಹ. ನೀವು ಲೆಕ್ಕಪತ್ರ ವಿಭಾಗದಲ್ಲಿದ್ದರೂ ಸರಿ, ಆಸ್ಪತ್ರೆ, ಶಾಲೆ, ಕಾರ್ಖಾನೆ, ಸಾಫ್ಟ್‌ವೇರ್, ಎಲ್ಲಿದ್ದರೂ ಸರಿ.

ಯಾವುದು ಪ್ರಾಜೆಕ್ಟ್, ಯಾವುದು ಅಲ್ಲ

ಶುರು, ಕೊನೆ ಎರಡೂ ಇರುವ, ಮುಗಿದಾಗ ಮೊದಲು ಇರದಿದ್ದ ಒಂದು ಫಲ ಕೊಡುವ ಕೆಲಸವೇ ಪ್ರಾಜೆಕ್ಟ್. ತಿಂಗಳು ತಿಂಗಳು ಸಂಬಳದ ಲೆಕ್ಕ ಮಾಡುವುದು ಪ್ರಾಜೆಕ್ಟ್ ಅಲ್ಲ, ಅದು ನಿತ್ಯದ ಕೆಲಸ. ಆ ಲೆಕ್ಕವನ್ನು ಹಳೆಯ ಪದ್ಧತಿಯಿಂದ ಹೊಸ ಪದ್ಧತಿಗೆ ಒಯ್ಯುವುದು ಪ್ರಾಜೆಕ್ಟ್. ಹೀಗೆ ನೋಡಿದರೆ ನೀವು ಈಗಾಗಲೇ ಎಷ್ಟೋ ಪ್ರಾಜೆಕ್ಟ್ ಮಾಡಿದ್ದೀರಿ. ಅವಕ್ಕೆ ಹೆಸರಿಟ್ಟಿರಲಿಲ್ಲ ಅಷ್ಟೇ.

ಯೋಜನೆ ಇಲ್ಲದೆ ಇಳಿದರೆ ಏನಾಗುತ್ತದೆ ಎನ್ನುವುದಕ್ಕೆ ಸಿಡ್ನಿಯ ಒಪೇರಾ ಹೌಸ್ ನನಗೆ ಯಾವಾಗಲೂ ನೆನಪಾಗುತ್ತದೆ. ಯೋರ್ನ್ ಉಟ್ಸನ್ ಅವರ ವಿನ್ಯಾಸ ಆಯ್ಕೆಯಾದದ್ದು 1957ರಲ್ಲಿ. ಅಂದಾಜು ಖರ್ಚು ಸುಮಾರು 70 ಲಕ್ಷ ಆಸ್ಟ್ರೇಲಿಯನ್ ಡಾಲರ್. 1963ಕ್ಕೆ ಮುಗಿಯಬೇಕು ಎಂಬ ಲೆಕ್ಕಾಚಾರ. ಬಾಗಿಲು ತೆರೆದದ್ದು 1973ರಲ್ಲಿ, ಖರ್ಚಾದದ್ದು 10 ಕೋಟಿ 20 ಲಕ್ಷ ಡಾಲರ್. ಆ ಚಿಪ್ಪಿನಾಕಾರದ ಛಾವಣಿಯನ್ನು ಹೇಗೆ ಕಟ್ಟಬೇಕು ಎಂದು ಖಚಿತವಾಗುವ ಮೊದಲೇ, 1959ರಲ್ಲಿ, ಕೆಳಗಿನ ಕಟ್ಟಡ ಶುರು ಮಾಡಿಬಿಟ್ಟಿದ್ದರು. ಆಮೇಲೆ ಛಾವಣಿಯ ಭಾರ ತಡೆಯಲಾರವು ಎಂದು ಕಂಬಗಳನ್ನು ಮತ್ತೆ ಕಟ್ಟಬೇಕಾಯಿತು. ಉಟ್ಸನ್ 1966ರಲ್ಲಿ ಕೆಲಸ ಬಿಟ್ಟು ಹೊರಟರು. ಕಟ್ಟಡವೇನೋ ಅದ್ಭುತ, 2007ರಲ್ಲಿ ವಿಶ್ವ ಪಾರಂಪರಿಕ ತಾಣವಾಯಿತು. ಆದರೆ ಅಷ್ಟು ಪ್ರತಿಭೆ ಇದ್ದ ಕಡೆಯೂ "ಮೊದಲು ಯಾವುದು, ಆಮೇಲೆ ಯಾವುದು" ಎಂಬ ಪ್ರಶ್ನೆ ಎಷ್ಟು ಕಾಡಿತು ನೋಡಿ. ನಮ್ಮ ಗ್ರಾಹಕರ ಪಟ್ಟಿಯಲ್ಲಿ ಆದದ್ದೂ ಅದೇ ಅಲ್ವಾ.

ಹೆಜ್ಜೆ 1: ಚಿಕ್ಕದೊಂದನ್ನು ಆರಿಸಿಕೊಳ್ಳಿ

ಮೊದಲ ಪ್ರಾಜೆಕ್ಟ್ ಎಲ್ಲರ ಕಣ್ಣು ಕುಕ್ಕುವಂಥದ್ದು ಆಗಬೇಕಿಲ್ಲ. ಆರರಿಂದ ಎಂಟು ವಾರದಲ್ಲಿ ಮುಗಿಯಬೇಕು. ಮೂರು ನಾಲ್ಕು ಜನರಿಗಿಂತ ಜಾಸ್ತಿ ಬೇಕಾಗಬಾರದು. ಮುಖ್ಯವಾಗಿ, ಆ ತೊಂದರೆ ನಿಮಗೊಬ್ಬರಿಗೇ ಅಲ್ಲ, ಹತ್ತು ಜನರಿಗೆ ದಿನಾ ಚುಚ್ಚುತ್ತಿರಬೇಕು. ಒಂದೇ ಮಾಹಿತಿಯನ್ನು ಎರಡು ಕಡೆ ತುಂಬುವುದು, ಒಪ್ಪಿಗೆಗಾಗಿ ಕಾಗದ ನಾಲ್ಕು ಮೇಜು ಸುತ್ತುವುದು, ಹೊಸಬರು ಸೇರಿದರೆ ಕಂಪ್ಯೂಟರ್ ಸಿಗದೆ ಕೂರುವುದು. ಜನ ಗೊಣಗುವ ಕಡೆ ಕಿವಿ ಕೊಟ್ಟರೆ ಪ್ರಾಜೆಕ್ಟ್ ತಾನಾಗಿ ಸಿಗುತ್ತದೆ.

ಇನ್ನೊಂದು ಪರೀಕ್ಷೆ ಇದೆ. ಈಗ ಎಷ್ಟಿದೆ, ಮುಗಿದ ಮೇಲೆ ಎಷ್ಟಾಗುತ್ತದೆ ಎಂದು ಎಣಿಸಲು ಬರಬೇಕು. ದಿನ, ಗಂಟೆ, ತಪ್ಪುಗಳ ಸಂಖ್ಯೆ, ಏನಾದರೂ ಸರಿ. ಎಣಿಸಲು ಬರದ ಪ್ರಾಜೆಕ್ಟ್ ಚೆನ್ನಾಗಿ ನಡೆದರೂ ಒಂದು ವರ್ಷದ ನಂತರ ಯಾರಿಗೂ ನೆನಪಿರುವುದಿಲ್ಲ. ಹಾಗೆಯೇ, ಎರಡು ವಿಭಾಗದ ಮುಖ್ಯಸ್ಥರು ಜಗಳ ಆಡುತ್ತಿರುವ ವಿಷಯಕ್ಕೆ ಮೊದಲ ಪ್ರಾಜೆಕ್ಟ್‌ನಲ್ಲೇ ಕೈ ಹಾಕಬೇಡಿ. ಅದನ್ನು ಬಿಡಿಸಲು ಬೇಕಾದ ಬಲ ನಿಮಗೆ ಇನ್ನೂ ಬಂದಿಲ್ಲ.

ಮ್ಯಾನೇಜರ್ ಹತ್ತಿರ ಹೋಗುವಾಗ "ನನಗೊಂದು ಪ್ರಾಜೆಕ್ಟ್ ಕೊಡಿ" ಅನ್ನಬೇಡಿ. "ಮೇಡಂ, ಹೊಸಬರಿಗೆ ಲಾಗಿನ್ ಸಿಗೋಕೆ ಒಂಬತ್ತು ದಿನ ಆಗ್ತಿದೆ. ಇದನ್ನ ಎರಡು ದಿನಕ್ಕೆ ಇಳಿಸೋಕೆ ಪ್ರಯತ್ನ ಮಾಡ್ತೀನಿ. ವಾರಕ್ಕೆ ನಾಲ್ಕು ಗಂಟೆ ಸಾಕು. ಮಾಡಲಾ?" ಎಂದು ಕೇಳಿ. ಹೀಗೆ ಕೇಳಿದರೆ ಬೇಡ ಅನ್ನುವುದು ಕಷ್ಟ.

ಹೆಜ್ಜೆ 2: ಒಂದೇ ಪುಟದಲ್ಲಿ ಬರೆಯಿರಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹೆಜ್ಜೆ ಮಾಡುವಷ್ಟು ಸಮಯವಿದ್ದರೆ ಇದನ್ನು ಮಾಡಿ. ಪ್ರಾಜೆಕ್ಟ್ ಶುರುವಾಗುವ ಮೊದಲು ಒಂದು ಪುಟ. ಎರಡನೇ ಪುಟಕ್ಕೆ ಹೋದರೆ ಯಾರೂ ಓದುವುದಿಲ್ಲ. ಮೇಲಿನ ಲಾಗಿನ್ ಉದಾಹರಣೆಯನ್ನೇ ಇಟ್ಟುಕೊಂಡರೆ ಅದು ಹೀಗಿರುತ್ತದೆ:

ಏಕೆ: ಹೊಸದಾಗಿ ಸೇರಿದವರಿಗೆ ಕಂಪ್ಯೂಟರ್ ಮತ್ತು ಲಾಗಿನ್ ಸಿಗಲು 9 ಕೆಲಸದ ದಿನ ಹಿಡಿಯುತ್ತಿದೆ. ಅಲ್ಲಿಯವರೆಗೆ ಅವರು ಸುಮ್ನೆ ಕೂರಬೇಕಾಗಿದೆ.
ಮುಗಿದಾಗ ಏನಿರಬೇಕು: 2 ದಿನದೊಳಗೆ ಎರಡೂ ಕೈಗೆ ಸಿಗಬೇಕು. ಸತತ 4 ವಾರ ಹೀಗೆ ನಡೆದರೆ ಪ್ರಾಜೆಕ್ಟ್ ಮುಗಿದಂತೆ.
ಏನು ಮಾಡುವುದಿಲ್ಲ: ಐಡಿ ಕಾರ್ಡ್, ಕೂರುವ ಜಾಗ, ತರಬೇತಿ ಇದರಲ್ಲಿ ಸೇರಿಲ್ಲ.
ಕೊನೆಯ ತೀರ್ಮಾನ: ಆಡಳಿತ ವಿಭಾಗದ ಮುಖ್ಯಸ್ಥರದು.
ಯಾರು: ಎಚ್‌ಆರ್‌ನಿಂದ ಒಬ್ಬರು, ಐಟಿಯಿಂದ ಒಬ್ಬರು, ನಾನು. ತಲಾ ವಾರಕ್ಕೆ 4 ಗಂಟೆ.
ಯಾವಾಗ: ಬದಲಾವಣೆಗೆ 4 ವಾರ, ಗಮನಿಸಲು 4 ವಾರ.
ದೊಡ್ಡ ಭಯ: ಸ್ಟಾಕ್‌ನಲ್ಲಿ ಕಂಪ್ಯೂಟರ್ ಇಲ್ಲದಿದ್ದರೆ ಉಳಿದದ್ದೆಲ್ಲ ಸರಿಯಾದರೂ ಪ್ರಯೋಜನವಿಲ್ಲ.

ಇದರಲ್ಲಿ ಮೂರನೇ ಸಾಲನ್ನು ಜನ ಬರೆಯುವುದೇ ಇಲ್ಲ. ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ಬೆಲೆಬಾಳುವ ಸಾಲು. ಏನು ಮಾಡುತ್ತೇವೆ ಎಂದು ಬರೆದಾಗ ಎಲ್ಲರೂ ತಲೆ ಆಡಿಸುತ್ತಾರೆ. ಏನು ಮಾಡುವುದಿಲ್ಲ ಎಂದು ಬರೆದ ತಕ್ಷಣ "ಅಯ್ಯೋ, ಅದೂ ಇದೆ ಅಂದುಕೊಂಡಿದ್ದೆನಲ್ಲ" ಎಂಬ ಮಾತು ಬರುತ್ತದೆ. ಆ ಮಾತು ಮೊದಲ ದಿನ ಬಂದರೆ ಐದು ನಿಮಿಷದ ಚರ್ಚೆ. ಕೊನೆಯ ವಾರ ಬಂದರೆ ಮನಸ್ತಾಪ.

ನಾಲ್ಕನೇ ಸಾಲಿನಲ್ಲಿ ಒಬ್ಬರ ಹೆಸರೇ ಇರಲಿ. ಇಬ್ಬರು ತೀರ್ಮಾನ ಮಾಡುವ ಪ್ರಾಜೆಕ್ಟ್‌ನಲ್ಲಿ ತೀರ್ಮಾನವೇ ಆಗುವುದಿಲ್ಲ. ಪುಟ ಬರೆದ ಮೇಲೆ ಅವರಿಗೆ ಮೇಲ್ ಮಾಡಿ, "ಇದು ಸರಿ ಇದೆ" ಎಂದು ಒಂದು ಸಾಲಿನ ಉತ್ತರ ಪಡೆಯಿರಿ. ಅದನ್ನು ಜೋಪಾನವಾಗಿ ಇಡಿ.

ಹೆಜ್ಜೆ 3: ಮೀಟಿಂಗಿಗೆ ಮೊದಲು ಒಬ್ಬೊಬ್ಬರನ್ನೇ ಮಾತಾಡಿಸಿ

ನೀವು ಆ ಜನರ ಬಾಸ್ ಅಲ್ಲ. ಅವರ ಸಂಬಳ, ರಜೆ, ಅಪ್ರೈಸಲ್ ಯಾವುದೂ ನಿಮ್ಮ ಕೈಯಲ್ಲಿಲ್ಲ. ಆದರೂ ಅವರಿಂದ ಕೆಲಸ ಆಗಬೇಕು. ಪ್ರಾಜೆಕ್ಟ್ ನಡೆಸುವುದರಲ್ಲಿ ಇದೇ ಗಟ್ಟಿ ಕಾಯಿ.

ಮೊದಲ ಮೀಟಿಂಗಿಗೆ ಮುನ್ನ ಪ್ರತಿಯೊಬ್ಬರ ಜೊತೆ ಹದಿನೈದು ನಿಮಿಷ ಕೂರಿ. ಮೂರು ವಿಷಯ ಕೇಳಿ. ಈಗಿನ ಪದ್ಧತಿಯಲ್ಲಿ ನಿಮಗೆ ಯಾವುದು ಕಷ್ಟ? ಇದು ಬದಲಾದರೆ ನಿಮಗೆ ಏನು ತೊಂದರೆ ಆಗಬಹುದು? ವಾರಕ್ಕೆ ನಿಜವಾಗಿ ಎಷ್ಟು ಹೊತ್ತು ಕೊಡಲು ಸಾಧ್ಯ? ಎರಡನೇ ಪ್ರಶ್ನೆಗೆ ಬರುವ ಉತ್ತರ ಚಿನ್ನ. ಹತ್ತು ಜನರ ಮುಂದೆ ಹೇಳಲು ಹಿಂಜರಿಯುವ ಮಾತು ಒಬ್ಬರೇ ಇದ್ದಾಗ ಹೊರಗೆ ಬರುತ್ತದೆ. ಐಟಿಯವರು "ಅರ್ಜಿ ಅರ್ಧಂಬರ್ಧ ತುಂಬಿ ಬರುತ್ತೆ, ತಡ ಮಾತ್ರ ನಮ್ಮ ತಲೆ ಮೇಲೆ ಬರುತ್ತೆ" ಅನ್ನಬಹುದು. ಆಗ ನಿಮ್ಮ ಪ್ರಾಜೆಕ್ಟ್‌ನ ಮೊದಲ ಕೆಲಸವೇ ಬದಲಾಗುತ್ತದೆ.

ಅವರ ಮ್ಯಾನೇಜರ್‌ಗೂ ಒಂದು ಮಾತು ಹೇಳಿಬಿಡಿ. ಇಲ್ಲದಿದ್ದರೆ ನಿಮ್ಮ ಕೆಲಸ ಅವರಿಗೆ ಕದ್ದು ಮಾಡುವ ಕೆಲಸವಾಗುತ್ತದೆ, ಒತ್ತಡ ಬಂದ ದಿನ ಮೊದಲು ಕೈಬಿಡುವುದು ಅದನ್ನೇ.

ಟೀಮ್ ಚಿಕ್ಕದಾಗಿರಲಿ ಎನ್ನುವುದಕ್ಕೂ ಒಂದು ಲೆಕ್ಕ ಇದೆ. 4 ಜನ ಇದ್ದರೆ ಒಬ್ಬರಿಗೊಬ್ಬರು ಮಾತಾಡುವ ದಾರಿಗಳು 6. 10 ಜನ ಆದರೆ 45. ಜನ ಎರಡೂವರೆ ಪಟ್ಟು, ಮಾತು ಏಳೂವರೆ ಪಟ್ಟು. ಯಾರಿಗೋ ಹೇಳಿದ್ದು ಇನ್ಯಾರಿಗೋ ತಲುಪದೆ ಹೋಗುವುದು ಇದರಿಂದಲೇ.

ಹೆಜ್ಜೆ 4: ಕೆಲಸ ಒಡೆಯಿರಿ, ದಿನ ಎಣಿಸಿ

"ಹೊಸ ಪದ್ಧತಿ ತರುವುದು" ಎಂದು ಪಟ್ಟಿಯಲ್ಲಿ ಬರೆದರೆ ಅದು ಆಸೆ. ಕೆಲಸ ಅಂದರೆ "ಹೊಸ ಅರ್ಜಿ ನಮೂನೆ ಬರೆಯುವುದು". ಪ್ರತಿ ತುಂಡೂ ಕೆಲವೇ ದಿನದಲ್ಲಿ ಮುಗಿಯುವಷ್ಟು ಚಿಕ್ಕದಾಗುವವರೆಗೆ ಒಡೆಯುತ್ತಾ ಹೋಗಿ. ಪ್ರತಿ ತುಂಡಿನ ಮುಂದೆ ಒಂದೇ ಹೆಸರು. ಎರಡು ಹೆಸರು ಬರೆದ ಕಡೆ ನಮ್ಮ ಶುಕ್ರವಾರದ ಸಂಜೆ ಮರುಕಳಿಸುತ್ತದೆ. ಸಹಾಯಕ್ಕೆ ಎಷ್ಟು ಜನ ಬೇಕಾದರೂ ಇರಲಿ, ಕೇಳಿದಾಗ ಉತ್ತರ ಕೊಡಬೇಕಾದವರು ಒಬ್ಬರು.

ದಿನ ಎಣಿಸುವಾಗ ನಾವೆಲ್ಲ ಒಂದೇ ತಪ್ಪು ಮಾಡುತ್ತೇವೆ: ಎಲ್ಲ ನೆಟ್ಟಗೆ ನಡೆದರೆ ಎಷ್ಟು ದಿನವೋ ಅಷ್ಟೇ ಹೇಳುತ್ತೇವೆ. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಅಮೋಸ್ ಟ್ವೆರ್ಸ್ಕಿ 1979ರಲ್ಲೇ ಇದಕ್ಕೆ ಹೆಸರಿಟ್ಟು ವಿವರಿಸಿದ್ದರು. ಹಿಂದೆ ಹತ್ತು ಸಲ ತಡವಾಗಿದ್ದರೂ ಹನ್ನೊಂದನೇ ಸಲ ಬೇಗ ಮುಗಿಯುತ್ತದೆ ಎಂದೇ ಮನಸ್ಸು ನಂಬುತ್ತದೆ.

ಇದಕ್ಕೊಂದು ಸರಳ ಮದ್ದು ಇದೆ. ಮೂರು ಅಂದಾಜು ಕೇಳಿ: ಎಲ್ಲ ಚೆನ್ನಾಗಿ ನಡೆದರೆ ಎಷ್ಟು ದಿನ, ಸಾಮಾನ್ಯವಾಗಿ ಎಷ್ಟು, ಎಲ್ಲ ಕೆಟ್ಟರೆ ಎಷ್ಟು. ಸಾಮಾನ್ಯ ಅಂದಾಜನ್ನು ನಾಲ್ಕರಿಂದ ಗುಣಿಸಿ, ಉಳಿದೆರಡನ್ನು ಕೂಡಿಸಿ, ಆರರಿಂದ ಭಾಗಿಸಿ. 2, 4, 12 ದಿನ ಎಂದು ಹೇಳಿದರೆ, 2 ಕೂಡಿಸು 16 ಕೂಡಿಸು 12, ಒಟ್ಟು 30. ಆರರಿಂದ ಭಾಗಿಸಿದರೆ 5 ದಿನ. ಬಾಯಿಗೆ ಬಂದ 4ಕ್ಕಿಂತ ಒಂದು ದಿನ ಜಾಸ್ತಿ. ಈ ಲೆಕ್ಕ 1950ರ ದಶಕದ ಕೊನೆಯಲ್ಲಿ ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿ ಕಾರ್ಯಕ್ರಮಕ್ಕಾಗಿ ಬೆಳೆಸಿದ ಪರ್ಟ್ ಎಂಬ ಪದ್ಧತಿಯಿಂದ ಬಂದದ್ದು. ನನಗೆ ಉತ್ತರಕ್ಕಿಂತ ಮೂರನೇ ಪ್ರಶ್ನೆಯೇ ಹೆಚ್ಚು ಇಷ್ಟ. "ಕೆಟ್ಟರೆ ಹನ್ನೆರಡು ದಿನ ಯಾಕೆ?" ಎಂದು ಕೇಳಿದಾಗಲೇ ಅಡಗಿಕೊಂಡಿದ್ದ ತೊಂದರೆ ಹೊರಗೆ ಬರುವುದು.

ಆಮೇಲೆ ಯಾವುದರ ಹಿಂದೆ ಯಾವುದು ಎಂದು ಜೋಡಿಸಿ. ನಮ್ಮ ಉದಾಹರಣೆಯಲ್ಲಿ ನಾಲ್ಕು ಕೆಲಸ ಇವೆ ಅನ್ನೋಣ. ಅರ್ಜಿ ನಮೂನೆಗೆ 3 ದಿನ. ಅದು ಮುಗಿದ ಮೇಲೆ ಭದ್ರತಾ ವಿಭಾಗದ ಒಪ್ಪಿಗೆಗೆ 5 ದಿನ. ಕಂಪ್ಯೂಟರ್ ಸ್ಟಾಕ್ ಎಣಿಕೆಗೆ 4 ದಿನ, ಇದನ್ನು ಮೊದಲ ದಿನವೇ ಶುರು ಮಾಡಬಹುದು. ಇವೆಲ್ಲ ಮುಗಿದ ಮೇಲೆ ಟ್ರಯಲ್, 5 ದಿನ. ನಮೂನೆ, ಒಪ್ಪಿಗೆ, ಟ್ರಯಲ್ ಒಟ್ಟು 13 ದಿನ. ಸ್ಟಾಕ್ ಎಣಿಕೆ, ಟ್ರಯಲ್ ಒಟ್ಟು 9. ಹಾಗಾದರೆ ಸ್ಟಾಕ್ ಎಣಿಕೆ ನಾಲ್ಕು ದಿನ ತಡವಾದರೂ ಪ್ರಾಜೆಕ್ಟ್ ತಡವಾಗುವುದಿಲ್ಲ. ಒಪ್ಪಿಗೆ ಒಂದು ದಿನ ತಡವಾದರೆ ಇಡೀ ಪ್ರಾಜೆಕ್ಟ್ ಒಂದು ದಿನ ತಡ. ಆ 13 ದಿನದ ಉದ್ದನೆಯ ದಾರಿಗೆ ಕ್ರಿಟಿಕಲ್ ಪಾತ್ ಎನ್ನುತ್ತಾರೆ. ಬೆಳಿಗ್ಗೆ ಫಾಲೋಅಪ್ ಮಾಡಲು ಸಮಯ ಕಡಿಮೆ ಇದ್ದರೆ ಯಾರಿಗೆ ಫೋನ್ ಮಾಡಬೇಕು ಎಂದು ಅದು ಹೇಳುತ್ತದೆ.

ಇಷ್ಟಕ್ಕೆ ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ. ಒಂದು ಎಕ್ಸೆಲ್ ಶೀಟ್, ಐದು ಕಾಲಂ: ಕೆಲಸ, ಹೆಸರು, ಶುರು, ಕೊನೆ, ಮುಗಿಯಿತೇ. ಮುಂದೆ ದೊಡ್ಡ ಪ್ರಾಜೆಕ್ಟ್ ಬಂದಾಗ ಜಿರಾ, ಟ್ರೆಲೊ, ಎಂಎಸ್ ಪ್ರಾಜೆಕ್ಟ್ ಮುಂತಾದವನ್ನು ಕಲಿಯಬಹುದು.

ಹೆಜ್ಜೆ 5: ಕೆಡುವ ಮೊದಲೇ ಕೆಟ್ಟಿದೆ ಎಂದು ಊಹಿಸಿ

ಗ್ಯಾರಿ ಕ್ಲೈನ್ ಎಂಬ ಮನಶ್ಶಾಸ್ತ್ರಜ್ಞರು ಹೇಳಿಕೊಟ್ಟ ಒಂದು ಉಪಾಯ ಇದೆ, ಅರ್ಧ ಗಂಟೆ ಸಾಕು. ಟೀಮನ್ನು ಕೂರಿಸಿ ಹೇಳಿ: "ಎಂಟು ವಾರ ಕಳೆದಿದೆ. ಪ್ರಾಜೆಕ್ಟ್ ಪೂರ್ತಿ ಕೆಟ್ಟುಹೋಗಿದೆ. ಯಾಕೆ ಕೆಟ್ಟಿತು ಅಂತ ಪ್ರತಿಯೊಬ್ಬರೂ ಎರಡು ಕಾರಣ ಬರೆಯಿರಿ." ಏನಾದರೂ ತೊಂದರೆ ಇದೆಯೇ ಎಂದು ಕೇಳಿದರೆ ಎಲ್ಲರೂ ಇಲ್ಲ ಅನ್ನುತ್ತಾರೆ. ಕೆಟ್ಟೇ ಹೋಗಿದೆ ಎಂದುಕೊಂಡರೆ ಬಾಯಿ ಬಿಚ್ಚುತ್ತಾರೆ. ಬಂದ ಕಾರಣಗಳಲ್ಲಿ ಮೂರನ್ನು ಆರಿಸಿ, ಒಂದೊಂದಕ್ಕೂ ಒಬ್ಬರ ಹೆಸರು ಮತ್ತು ಒಂದು ಪರಿಹಾರ ಬರೆಯಿರಿ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವುದು ತಪ್ಪುತ್ತದೆ.

ಹೆಜ್ಜೆ 6: ವಾರಕ್ಕೊಂದು ಚೀಟಿ

ಪ್ರಾಜೆಕ್ಟ್ ನಡೆಯುವಾಗ ನಿಮ್ಮ ಹೆಸರು ಉಳಿಸುವುದು ವಾರಕ್ಕೊಮ್ಮೆ ಕಳಿಸುವ ನಾಲ್ಕು ಸಾಲಿನ ಮೇಲ್. ಪ್ರತಿ ವಾರ ಅದೇ ದಿನ, ಅದೇ ಹೊತ್ತಿಗೆ, ತಪ್ಪದೆ.

ಮುಗಿದದ್ದು: ಅರ್ಜಿ ನಮೂನೆ. ಎಚ್‌ಆರ್ ಒಪ್ಪಿದ್ದಾರೆ.
ಮುಂದಿನ ವಾರ: ಭದ್ರತಾ ವಿಭಾಗದ ಒಪ್ಪಿಗೆ, ಟ್ರಯಲ್‌ಗೆ ತಯಾರಿ.
ಸಿಕ್ಕಿಕೊಂಡಿರುವುದು: ಒಪ್ಪಿಗೆ ಕೊಡುವವರು ಗುರುವಾರದವರೆಗೆ ರಜೆಯಲ್ಲಿದ್ದಾರೆ. ಹೀಗೇ ಬಿಟ್ಟರೆ 3 ದಿನ ತಡ.
ನಿಮ್ಮಿಂದ ಬೇಕಾದದ್ದು: ಅವರ ಬದಲಿಗೆ ಸಹಿ ಮಾಡುವವರು ಯಾರು ಎಂದು ಮಂಗಳವಾರದೊಳಗೆ ತಿಳಿಸಿ.

ಕೊನೆಯ ಸಾಲು ಗಮನಿಸಿ. ತೊಂದರೆ ಹೇಳಿ ಸುಮ್ಮನಾಗಿಲ್ಲ, ಏನು ಬೇಕು, ಯಾವಾಗ ಬೇಕು ಎಂದೂ ಹೇಳಿದೆ. ಮೇಲಿನವರಿಗೆ ಕೆಟ್ಟ ಸುದ್ದಿಗಿಂತ ತಡವಾಗಿ ಬಂದ ಕೆಟ್ಟ ಸುದ್ದಿಯೇ ಕಷ್ಟ. ಮೂರು ದಿನ ತಡವಾಗುತ್ತದೆ ಎಂದು ಎರಡು ವಾರ ಮೊದಲೇ ಹೇಳಿದವರ ಮೇಲೆ ಯಾರೂ ಸಿಟ್ಟಾಗಿದ್ದನ್ನು ನಾನು ಕಂಡಿಲ್ಲ.

"ಶೇಕಡ 90 ಆಗಿದೆ" ಎಂಬ ಮಾತನ್ನು ಒಪ್ಪಬೇಡಿ. ಆ 90 ಮೂರು ವಾರ 90 ಆಗಿಯೇ ಉಳಿಯುತ್ತದೆ. ಚಿಕ್ಕ ತುಂಡು ಮಾಡಿದ್ದೇವಲ್ಲ, ಮುಗಿದಿದೆಯೇ ಇಲ್ಲವೇ ಅಷ್ಟೇ ಕೇಳಿ. ಸ್ವಲ್ಪ ದೊಡ್ಡ ಪ್ರಾಜೆಕ್ಟ್ ಆದರೆ ಇನ್ನೊಂದು ಲೆಕ್ಕ ಉಪಯೋಗಕ್ಕೆ ಬರುತ್ತದೆ. ಒಬ್ಬರು ಒಂದು ದಿನ ಮಾಡುವ ಕೆಲಸವನ್ನು ಒಂದು ಆಳುದಿನ ಅನ್ನೋಣ. ಒಟ್ಟು 40 ಆಳುದಿನದ ಕೆಲಸ, ಇಲ್ಲಿಯವರೆಗೆ 20 ಆಳುದಿನ ಖರ್ಚಾಗಿದೆ, ಆದರೆ ಮುಗಿದ ತುಂಡುಗಳಿಗೆ ಯೋಜನೆಯಲ್ಲಿ ಇಟ್ಟಿದ್ದು 15 ಆಳುದಿನ. 15ನ್ನು 20ರಿಂದ ಭಾಗಿಸಿದರೆ 0.75. ಇದೇ ವೇಗದಲ್ಲಿ ಹೋದರೆ 40ರ ಜಾಗದಲ್ಲಿ ಸುಮಾರು 53 ಆಳುದಿನ ಬೇಕಾಗುತ್ತದೆ. ಅರ್ನ್ಡ್ ವ್ಯಾಲ್ಯೂ ಎನ್ನುವುದು ಇದನ್ನೇ. ಅರ್ಧ ದಾರಿಯಲ್ಲೇ ಈ ಸಂಖ್ಯೆ ಹೇಳಬಲ್ಲವರ ಮಾತಿಗೆ ಮೀಟಿಂಗಿನಲ್ಲಿ ತೂಕ ಬರುತ್ತದೆ.

ನಡುವೆ ಬರುವ "ಇದೊಂದನ್ನೂ ಸೇರಿಸಿಬಿಡಿ" ಎಂಬ ಮಾತಿಗೆ ತಯಾರಾಗಿರಿ. ಖಂಡಿತ ಬರುತ್ತದೆ. ಇಲ್ಲ ಅನ್ನುವುದೂ ಕಷ್ಟ, ಹೂಂ ಅನ್ನುವುದೂ ಅಪಾಯ. ನಾನು ಹೇಳುವುದು ಹೀಗೆ:

"ಆಗಲಿ ಸರ್. ಮೊಬೈಲ್ ಸಿಮ್ ಕೊಡೋದನ್ನೂ ಸೇರಿಸಿದ್ರೆ ಟ್ರಯಲ್ ಎರಡು ವಾರ ಮುಂದೆ ಹೋಗುತ್ತೆ. ಇಲ್ಲಾಂದ್ರೆ ಈಗಿರೋದನ್ನ ಮುಗಿಸಿ, ಸಿಮ್ ಕೆಲಸ ಎರಡನೇ ಕಂತಲ್ಲಿ ಮಾಡಬಹುದು. ಯಾವುದು ಮಾಡೋಣ ಹೇಳಿ."

ಬಹಳಷ್ಟು ಸಲ ಅವರೇ "ಎರಡನೇ ಕಂತಲ್ಲೇ ಮಾಡಿ" ಅನ್ನುತ್ತಾರೆ. ತೀರ್ಮಾನ ಅವರದು, ಅದರ ಬೆಲೆ ತೋರಿಸುವುದು ನಿಮ್ಮ ಕೆಲಸ. ಒಪ್ಪಿದ್ದನ್ನು ಅದೇ ದಿನ ಒಂದು ಸಾಲಿನ ಮೇಲ್‌ನಲ್ಲಿ ಹಾಕಿ.

ತಡವಾದಾಗ "ಇನ್ನಿಬ್ಬರನ್ನು ಕೊಡ್ತೀವಿ" ಎಂಬ ಸಹಾಯವೂ ಬರಬಹುದು. ಯೋಚಿಸಿ ಒಪ್ಪಿಕೊಳ್ಳಿ. ಐಬಿಎಂನಲ್ಲಿ ದೊಡ್ಡ ಸಾಫ್ಟ್‌ವೇರ್ ಕೆಲಸ ನಡೆಸಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಎಚ್ಚರಿಸಿದ್ದರು, ತಡವಾದ ಸಾಫ್ಟ್‌ವೇರ್ ಪ್ರಾಜೆಕ್ಟ್‌ಗೆ ಜನ ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂದು. ಹೊಸಬರಿಗೆ ಹೇಳಿಕೊಡಲು ಹಳಬರ ಸಮಯವೇ ಹೋಗುತ್ತದೆ.

ಹೆಜ್ಜೆ 7: ಮುಗಿದಿದೆ ಎಂದು ಸಾರಿ ಮುಗಿಸಿ

ಎಷ್ಟೋ ಪ್ರಾಜೆಕ್ಟ್‌ಗಳು ಮುಗಿಯುವುದೇ ಇಲ್ಲ, ಕರಗಿಹೋಗುತ್ತವೆ. ಮೊದಲ ಪುಟ ತೆಗೆದು ಅದರ ಕೆಳಗೇ ಬರೆಯಿರಿ: ಆಗ 9 ದಿನ ಇತ್ತು, ಈಗ ಎಷ್ಟು? ಗುರಿ ಮುಟ್ಟದಿದ್ದರೆ ಮುಟ್ಟಿಲ್ಲ ಎಂದೇ ಬರೆಯಿರಿ. ಮುಂದೆ ನೋಡಿಕೊಳ್ಳುವವರು ಯಾರು ಎಂದು ಹೆಸರು ಹಾಕಿ ಒಪ್ಪಿಸಿಬಿಡಿ, ಇಲ್ಲದಿದ್ದರೆ ಆ ಕೆಲಸ ಜೀವನಪೂರ್ತಿ ನಿಮಗೇ ಗಂಟು ಬೀಳುತ್ತದೆ. ಟೀಮ್ ಜೊತೆ ಅರ್ಧ ಗಂಟೆ ಕೂತು, ಯಾವುದು ಚೆನ್ನಾಗಿ ನಡೆಯಿತು, ಯಾವುದನ್ನು ಮತ್ತೆ ಹಾಗೆ ಮಾಡಬಾರದು ಎಂದು ಬರೆದಿಟ್ಟುಕೊಳ್ಳಿ. ಸಹಾಯ ಮಾಡಿದವರ ಹೆಸರು ಹೇಳಿ, ಏನು ಮಾಡಿದರು ಎಂದೂ ಹೇಳಿ, ಅವರ ಮ್ಯಾನೇಜರ್‌ಗೆ ಮೇಲ್ ಮಾಡಿ. ಮುಂದಿನ ಸಲ ನೀವು ಕರೆದಾಗ ಅವರು ಓಡಿ ಬರುತ್ತಾರೆ.

ಹೆಜ್ಜೆ 8: ಮಾಡಿದ್ದನ್ನು ಬೆಳವಣಿಗೆಗೆ ಜೋಡಿಸಿ

ಇಲ್ಲಿ ನನಗೆ ಸ್ವಲ್ಪ ನೋವಿನ ಅನುಭವ ಇದೆ. ಹಿಂದೆ ಒಂದು ಕಡೆ ಎರಡು ವರ್ಷ ನಾನು ಪಟ್ಟಿ ಹಿಡಿದು ಓಡಾಡಿದೆ. ಮೀಟಿಂಗ್ ಕರೆದೆ, ನೋಟ್ಸ್ ಬರೆದೆ, ಮುರಿದ ಮಾತುಗಳನ್ನು ಜೋಡಿಸಿದೆ. ಅಪ್ರೈಸಲ್ ಕಾಗದದಲ್ಲಿ ಆ ಕೆಲಸದ ಹೆಸರೇ ಇರಲಿಲ್ಲ. "ನಿಮ್ಮ ಮುಖ್ಯ ಕೆಲಸ ಸರಾಸರಿ ಇದೆ" ಎಂದರು. ಅವರದು ಪೂರ್ತಿ ತಪ್ಪು ಅನ್ನಲಾರೆ. ನಾನು ಮಾಡಿದ್ದು ಎಲ್ಲೂ ಬರೆದಿರಲಿಲ್ಲ. ಅಂಟಿನ ಹಾಗೆ ಎಲ್ಲವನ್ನೂ ಹಿಡಿದಿಡುವ ಕೆಲಸ ಕಣ್ಣಿಗೆ ಬೀಳುವುದಿಲ್ಲ. ಬಿಟ್ಟುಹೋದಾಗ ಮಾತ್ರ ಗೊತ್ತಾಗುತ್ತದೆ.

ಹಾಗಾಗಿ ಎರಡು ವಿಷಯ ಮೊದಲ ದಿನದಿಂದಲೇ ಮಾಡಿ. ಈ ಜವಾಬ್ದಾರಿಯನ್ನು ನಿಮ್ಮ ವರ್ಷದ ಗುರಿಗಳಲ್ಲಿ ಒಂದಾಗಿ ಬರೆಸಿಕೊಳ್ಳಿ. ಮತ್ತೆ, ಪ್ರತಿ ಪ್ರಾಜೆಕ್ಟ್‌ಗೆ ಒಂದು ಫೋಲ್ಡರ್ ಇಡಿ: ಮೊದಲ ಪುಟ, ವಾರದ ಮೇಲ್‌ಗಳು, ಕೊನೆಯ ಲೆಕ್ಕ.

ಬರೆಯುವ ರೀತಿಯೂ ಮುಖ್ಯ. "ಹೊಸ ಉದ್ಯೋಗಿಗಳ ಪ್ರಕ್ರಿಯೆ ಸುಧಾರಣೆಯಲ್ಲಿ ಸಕ್ರಿಯವಾಗಿ ಪಾಲ್ಗೊಂಡೆ" ಎಂದು ಬರೆದರೆ ಓದಿದವರಿಗೆ ಏನೂ ಸಿಗುವುದಿಲ್ಲ. "ಹೊಸಬರಿಗೆ ಲಾಗಿನ್ ಸಿಗುವ ಅವಧಿಯನ್ನು 9 ದಿನದಿಂದ 2 ದಿನಕ್ಕೆ ಇಳಿಸುವ ಪ್ರಾಜೆಕ್ಟ್ ನಡೆಸಿದೆ. ಮೂರು ವಿಭಾಗದ ಮೂವರು, 8 ವಾರ. ಭದ್ರತೆಯ ಒಪ್ಪಿಗೆ ತಡವಾಗುವುದನ್ನು ಮೊದಲೇ ಗುರುತಿಸಿ ಬದಲಿ ಸಹಿಯ ವ್ಯವಸ್ಥೆ ಮಾಡಿಸಿದೆ" ಎಂದು ಬರೆದರೆ ನಿಮ್ಮ ಕೆಲಸ ಕಣ್ಣಿಗೆ ಕಾಣುತ್ತದೆ. ನಾನು ಮಾಡಿದ್ದಕ್ಕೆ "ನಾನು", ಟೀಮ್ ಮಾಡಿದ್ದಕ್ಕೆ "ನಾವು". ಇವೆರಡನ್ನು ಕಲಸಬೇಡಿ.

ಬಡ್ತಿಯ ಮಾತನ್ನು ಅಪ್ರೈಸಲ್ ದಿನ ಎತ್ತಬೇಡಿ. ಆ ಹೊತ್ತಿಗೆ ತೀರ್ಮಾನ ಆಗಿಹೋಗಿರುತ್ತದೆ. ಮೂರು ನಾಲ್ಕು ತಿಂಗಳು ಮೊದಲೇ ಹೋಗಿ ಕೇಳಿ: "ಮುಂದಿನ ಹಂತದಲ್ಲಿರೋರು ಏನು ಮಾಡ್ತಾರೆ, ನಾನು ಈಗ ಮಾಡ್ತಿರೋದರಲ್ಲಿ ಏನು ಕಮ್ಮಿ ಇದೆ?" ಬಂದ ಉತ್ತರವನ್ನು ಬರೆದುಕೊಂಡು, ಅದರಲ್ಲಿ ಒಂದನ್ನು ಮುಂದಿನ ಪ್ರಾಜೆಕ್ಟ್ ಮಾಡಿಕೊಳ್ಳಿ.

ಮುಂದಿನ ಮೆಟ್ಟಿಲುಗಳು ಸಾಮಾನ್ಯವಾಗಿ ಹೀಗಿರುತ್ತವೆ. ಕೋಆರ್ಡಿನೇಟರ್ ಪಟ್ಟಿ ನೋಡಿಕೊಳ್ಳುತ್ತಾರೆ. ಪ್ರಾಜೆಕ್ಟ್ ಮ್ಯಾನೇಜರ್ ಒಂದು ಪ್ರಾಜೆಕ್ಟ್‌ನ ಫಲಕ್ಕೆ ಹೊಣೆ. ಪ್ರೋಗ್ರಾಂ ಮ್ಯಾನೇಜರ್ ಒಂದಕ್ಕೊಂದು ಹೆಣೆದುಕೊಂಡ ಹಲವು ಪ್ರಾಜೆಕ್ಟ್‌ಗಳಿಗೆ. ಪೋರ್ಟ್‌ಫೋಲಿಯೊ, ಅಂದರೆ ಸಂಸ್ಥೆಯ ಪ್ರಾಜೆಕ್ಟ್‌ಗಳ ಇಡೀ ಗುಂಪನ್ನು ನೋಡುವವರು ಯಾವ ಪ್ರಾಜೆಕ್ಟ್ ಮಾಡಬೇಕು, ಯಾವುದು ಬೇಡ ಎಂದು ಹಣಕಾಸಿನ ಜೊತೆ ತೂಗುತ್ತಾರೆ. ಎಲ್ಲರೂ ಈ ಏಣಿಯನ್ನೇ ಹತ್ತಬೇಕಿಲ್ಲ. ಒಳ್ಳೆಯ ಎಂಜಿನಿಯರ್, ನರ್ಸ್, ಲೆಕ್ಕಿಗರು ತಮ್ಮ ಕಸುಬಿನಲ್ಲೇ ಇದ್ದುಕೊಂಡು ಈ ಕಲೆಯಿಂದ ದೊಡ್ಡ ಜವಾಬ್ದಾರಿ ಪಡೆಯಬಹುದು.

ಹೆಜ್ಜೆ 9: ಸರ್ಟಿಫಿಕೇಟ್ ಯಾವಾಗ

ಎರಡು ಮೂರು ಪ್ರಾಜೆಕ್ಟ್ ಮುಗಿಸಿದ ಮೇಲೆ ಎನ್ನುವುದು ನನ್ನ ಸಲಹೆ. ಆಗ ಓದುವ ಪ್ರತಿ ಅಧ್ಯಾಯಕ್ಕೂ ನಿಮ್ಮದೇ ಒಂದು ಗಾಯ ನೆನಪಾಗುತ್ತದೆ, ಓದಿದ್ದು ನಿಲ್ಲುತ್ತದೆ.

ಹೆಚ್ಚು ಹೆಸರಿರುವುದು ಪಿಎಂಪಿ, ಅಂದರೆ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಪ್ರೊಫೆಷನಲ್ ಎಂಬ ಸರ್ಟಿಫಿಕೇಟ್. 1969ರಲ್ಲಿ ಅಮೆರಿಕದಲ್ಲಿ ಶುರುವಾದ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್ ಇದನ್ನು 1984ರಿಂದ ನಡೆಸುತ್ತಿದೆ. ನಾಲ್ಕು ವರ್ಷದ ಪದವಿ ಇದ್ದವರಿಗೆ ಪ್ರಾಜೆಕ್ಟ್ ನಡೆಸಿದ 36 ತಿಂಗಳ ಅನುಭವ ಮತ್ತು 35 ಗಂಟೆಯ ತರಬೇತಿ ಬೇಕು. ಪಾಸಾದ ಮೇಲೂ ಮೂರು ವರ್ಷಕ್ಕೊಮ್ಮೆ 60 ಕಲಿಕೆಯ ಅಂಕ ತೋರಿಸಬೇಕು. ಆ 36 ತಿಂಗಳನ್ನು ತುಂಬಲು ನಿಮ್ಮ ಫೋಲ್ಡರ್‌ಗಳೇ ಆಧಾರ, ಅರ್ಜಿಯಲ್ಲಿ ಪ್ರತಿ ಪ್ರಾಜೆಕ್ಟ್‌ನ ವಿವರ ಬರೆಯಬೇಕಾಗುತ್ತದೆ. ಅನುಭವ ಇನ್ನೂ ಇಲ್ಲದವರಿಗೆ ಅದೇ ಸಂಸ್ಥೆಯ ಸಿಎಪಿಎಂ ಇದೆ, 23 ಗಂಟೆಯ ತರಬೇತಿ ಸಾಕು. ಬ್ರಿಟನ್ ಸರ್ಕಾರದಿಂದ ಬೆಳೆದು ಬಂದ ಪ್ರಿನ್ಸ್2 ಇನ್ನೊಂದು ದಾರಿ. ಅದರ ಫೌಂಡೇಷನ್ ಪರೀಕ್ಷೆಗೆ ಹಿಂದಿನ ಅನುಭವ ಕೇಳುವುದಿಲ್ಲ. ಸಾಫ್ಟ್‌ವೇರ್ ಕಡೆ ಇದ್ದರೆ, ಕೆಲಸವನ್ನು ಚಿಕ್ಕ ಚಿಕ್ಕ ಕಂತುಗಳಲ್ಲಿ ಮುಗಿಸುತ್ತಾ ಹೋಗುವ ಸ್ಕ್ರಮ್ ಎಂಬ ಪದ್ಧತಿ ಕಲಿಯಿರಿ. ಇಂಥ ಪದ್ಧತಿಗಳ ಹಿಂದಿನ ವಿಚಾರ ಹೇಳುವ, 2001ರಲ್ಲಿ 17 ಜನ ಸೇರಿ ಬರೆದ ಅಜೈಲ್ ಪ್ರಣಾಳಿಕೆ ಒಂದೇ ಪುಟದಲ್ಲಿ ಮುಗಿಯುತ್ತದೆ, ಅದನ್ನು ಮೊದಲು ಓದಿ. ಶುಲ್ಕವನ್ನು ಆಫೀಸೇ ಕೊಡುತ್ತದೆಯೇ ಎಂದು ಎಚ್‌ಆರ್‌ನಲ್ಲಿ ವಿಚಾರಿಸಿ, ಎಷ್ಟೋ ಕಡೆ ತರಬೇತಿಗೆಂದು ಇಟ್ಟ ಹಣ ಕೇಳುವವರಿಲ್ಲದೆ ಉಳಿಯುತ್ತದೆ.

ಇಷ್ಟೆಲ್ಲ ಮಾಡಿದರೂ "ಈ ವರ್ಷ ಆಗಲ್ಲ" ಎಂಬ ಉತ್ತರ ಬಂದರೆ, ಏನು ಮಾಡಿದರೆ ಆಗುತ್ತದೆ ಎಂದು ಎರಡು ಸಾಲು ಮೇಲ್‌ನಲ್ಲಿ ಕೇಳಿ. ಉತ್ತರ ಸ್ಪಷ್ಟವಾಗಿದ್ದರೆ ಅದೇ ನಿಮ್ಮ ಮುಂದಿನ ಒಂದು ಪುಟ. ಉತ್ತರವೇ ಬರದಿದ್ದರೆ, ಬೇರೆ ವಿಭಾಗಗಳು ಒಳಗಿನವರಿಗಾಗಿ ಕರೆಯುವ ಹುದ್ದೆಗಳ ಪಟ್ಟಿ ನೋಡಿ. ಅರ್ಜಿಯ ಜೊತೆ ಎರಡು ಪ್ರಾಜೆಕ್ಟ್‌ಗಳ ಮೊದಲ ಪುಟ, ಕೊನೆಯ ಲೆಕ್ಕ ಲಗತ್ತಿಸಿ. ಆ ವಿಭಾಗದಲ್ಲಿ ನಿಮ್ಮ ಜೊತೆ ಕೆಲಸ ಮಾಡಿದವರು ಯಾರಾದರೂ ಇದ್ದೇ ಇರುತ್ತಾರೆ. ಅರ್ಜಿ ಹಾಕುವ ಮೊದಲು ಅವರ ಜೊತೆ ಹದಿನೈದು ನಿಮಿಷ ಕೂತು, ಅಲ್ಲಿ ಈಗ ಯಾವ ಕೆಲಸ ಸಿಕ್ಕಿಕೊಂಡಿದೆ ಎಂದು ಕೇಳಿ ತಿಳಿದುಕೊಳ್ಳಿ.